ಹಲ್ಲಿನ ಬಣ್ಣ ಹೊಂದಿಸುವುದು: ಒಣಗುವ ಮುನ್ನವೇ ನೋಡಿ

ದಂತವೈದ್ಯ ಕಾಲೇಜಿನ ಚಿಕಿತ್ಸಾ ವಿಭಾಗದಲ್ಲಿ ಪ್ರತಿ ವರ್ಷವೂ ನಾನು ಇದನ್ನು ನೋಡುತ್ತೇನೆ. ಮುರಿದ ಬಾಚಿಹಲ್ಲಿಗೆ ಇಂಟರ್ನ್ ಒಬ್ಬರು ಕಾಂಪೋಸಿಟ್ (ದೀಪದ ಬೆಳಕಿನಿಂದ ಗಟ್ಟಿಯಾಗುವ, ಹಲ್ಲಿನ ಬಣ್ಣದ ಸಾಮಗ್ರಿ) ತುಂಬಿ, ಅಂದವಾಗಿ ಪಾಲಿಶ್ ಮಾಡಿ, ಕನ್ನಡಿ ತೋರಿಸಿ ಕಳುಹಿಸುತ್ತಾರೆ. ಮರುದಿನ ರೋಗಿ ಮರಳಿ ಬಂದು, ತುಂಬಿದ ಭಾಗವಷ್ಟೇ ಸುಣ್ಣ ಹಚ್ಚಿದಂತೆ ಬೆಳ್ಳಗೆ ಕಾಣುತ್ತಿದೆ ಎನ್ನುತ್ತಾರೆ. ಇಂಟರ್ನ್ ಸಾಮಗ್ರಿಯನ್ನು ದೂರುತ್ತಾರೆ. ತಪ್ಪಾಗಿರುವುದು ಬಣ್ಣ ನೋಡಿದ ಹೊತ್ತು.

ಮೊದಲಿಗೆ ಹಲ್ಲಿನ ಮೇಲಿನ ಕಾಫಿ, ಎಲೆಅಡಿಕೆಯ ಕಲೆ ತೆಗೆದು, ಲಿಪ್‌ಸ್ಟಿಕ್ ಒರೆಸಿ, ಗಾಢ ಬಣ್ಣದ ಉಡುಪನ್ನು ಬೂದು ಬಟ್ಟೆಯಿಂದ ಮುಚ್ಚಿ, ಕುರ್ಚಿಯ ದೀಪ ಆರಿಸಿ, ರೋಗಿಯನ್ನು ಕಿಟಕಿಯ ಹಗಲು ಬೆಳಕಿಗೆ ತಿರುಗಿಸಿ.

ಮುಂದಿನ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ. ಹಲ್ಲಿನ ಹೊರಪದರವಾದ ಎನಾಮೆಲ್‌ನ ಸೂಕ್ಷ್ಮ ಸಂದುಗಳಲ್ಲಿ ನೀರಿರುತ್ತದೆ. ಲಾಲಾರಸ ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಕಟ್ಟಿದಾಗ, ಹತ್ತಿ ಇಟ್ಟು ಗಾಳಿ ಊದಿದಾಗ ಆ ನೀರು ಆರಿ, ಅದರ ಜಾಗಕ್ಕೆ ಗಾಳಿ ಸೇರಿ, ಬೆಳಕು ಒಳಹೋಗದೆ ಚದುರುವುದರಿಂದ ಕೆಲವೇ ನಿಮಿಷಗಳಲ್ಲಿ ಹಲ್ಲು ಇದ್ದದ್ದಕ್ಕಿಂತ ಬೆಳ್ಳಗಾಗುತ್ತದೆ. ಆಗ ಆರಿಸಿದ ಬಣ್ಣದ ಛಾಯೆ, ಅಂದರೆ ಶೇಡ್, ಹಲ್ಲು ಮತ್ತೆ ಲಾಲಾರಸದಲ್ಲಿ ನೆನೆದು ತನ್ನ ಬಣ್ಣಕ್ಕೆ ಮರಳಿದ ಮೇಲೆ ಹೊಂದುವುದೇ ಇಲ್ಲ. ಹಾಗೆ ಮರಳಲು ಅರ್ಧ ಗಂಟೆ ಸಾಲದು, ಒಮ್ಮೊಮ್ಮೆ ಒಂದು ದಿನವೇ ಬೇಕು. ಆದ್ದರಿಂದ ಅರಿವಳಿಕೆಯ ಸೂಜಿಗೂ ಮೊದಲೇ ಶೇಡ್ ನೋಡಿ ಬರೆದಿಟ್ಟುಕೊಳ್ಳಬೇಕು. ಹೋಲಿಸುವ ಮಾದರಿ ಹಲ್ಲು (ಟ್ಯಾಬ್) ಕೂಡ ಒದ್ದೆಯಾಗಿರಲಿ. ಹಲ್ಲು ಈಗಾಗಲೇ ಒಣಗಿದ್ದರೆ, ಮುಜುಗರವಾದರೂ ಸರಿ, ರೋಗಿಯನ್ನು ಇನ್ನೊಂದು ದಿನ ಕರೆಸಿ.

ಶೇಡ್ ಹೋಲಿಸಲು ಬಳಸುವ ವೀಟಾ ಕ್ಲಾಸಿಕಲ್ ಗೈಡ್‌ನಲ್ಲಿ 16 ಟ್ಯಾಬ್‌ಗಳು ಎ, ಬಿ, ಸಿ, ಡಿ ಗುಂಪುಗಳಾಗಿರುತ್ತವೆ. ಅವನ್ನು ಹಾಗೆಯೇ ಬಿಡದೆ, ಬಿ1, ಎ1, ಬಿ2, ಡಿ2, ಎ2 ಎಂದು ತಿಳಿಯಿಂದ ಕಡುವಿನತ್ತ, ಕೊನೆಗೆ ಸಿ4 ಬರುವಂತೆ ಜೋಡಿಸಿಕೊಳ್ಳಿ. ಏಕೆಂದರೆ ಹಳದಿ, ಕೆಂಪುಗಳ ಸಣ್ಣ ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ, ತಿಳಿ-ಕಡುವಿನ ತಪ್ಪನ್ನು ಕ್ಷಮಿಸುವುದಿಲ್ಲ. ಕಣ್ಣನ್ನು ಅರೆಮುಚ್ಚಿ ಮೊದಲು ಆ ಮಟ್ಟವನ್ನು ನಿರ್ಧರಿಸಿ, ಆಮೇಲೆ ಬಣ್ಣದ ಗುಂಪನ್ನು ಕೋರೆಹಲ್ಲಿನಲ್ಲಿ ನೋಡಿ. ಬಣ್ಣ ಹೆಚ್ಚು ಗಾಢವಾಗಿರುವುದು ಅಲ್ಲಿಯೇ. ಒಂದು ನೋಟ ಐದು ಸೆಕೆಂಡು ಮೀರದಿರಲಿ. ನಡುನಡುವೆ ಬೂದು ಹಾಳೆಯತ್ತ ನೋಡಿ ಕಣ್ಣಿಗೆ ಬಿಡುವು ಕೊಡಿ. ಕಾಗದದ ಮೇಲೆ ಮುದ್ರಿಸಿದ ಶೇಡ್ ಪಟ್ಟಿಗಳನ್ನು ನಾನು ಮೇಜಿನ ಮೇಲೆ ಇಡಲೂ ಬಿಡುವುದಿಲ್ಲ.

ಶೇಡ್ ಗೊತ್ತಾದ ಮೇಲೆ, ಎಚ್ಚಿಂಗ್ (ಆಮ್ಲ ಹಚ್ಚಿ ಹಲ್ಲನ್ನು ಒರಟಾಗಿಸುವುದು) ಮತ್ತು ಬಾಂಡ್ (ಅಂಟು) ಇಲ್ಲದೆ ಹಲ್ಲಿನ ಮೇಲೆ ಚಿಟಿಕೆಯಷ್ಟು ಕಾಂಪೋಸಿಟ್ ಇಟ್ಟು, ದೀಪ ಹಿಡಿದು ಗಟ್ಟಿ ಮಾಡಿ ನೋಡಿ. ಗಟ್ಟಿಯಾದಾಗ ಅದರ ಬಣ್ಣ ಬದಲಾಗುವುದರಿಂದ ಸಿರಿಂಜಿನಿಂದ ಬಂದ ಹಸಿ ಬಣ್ಣವನ್ನು ನಂಬಬಾರದು. ನೋಡಿದ ಮೇಲೆ ಅದು ಸುಲಭವಾಗಿ ಕಿತ್ತು ಬರುತ್ತದೆ. ಎಲ್ಲ ಹಲ್ಲಿಗೂ ಒಂದೇ ಶೇಡ್ ಸಾಕೆಂದು ಮಾರುವ ಕಾಂಪೋಸಿಟ್‌ಗಳು ದವಡೆಹಲ್ಲಿಗೆ ನಡೆಯಬಹುದು. ಬಾಚಿಹಲ್ಲಿನ ತುದಿ ಪೂರ್ತಿ ಮುರಿದಲ್ಲಿ, ಹಿಂದಿನಿಂದ ಪಾರದರ್ಶಕವಲ್ಲದ ಪದರ ಕೊಡದಿದ್ದರೆ, ಬಾಯೊಳಗಿನ ಕತ್ತಲೆ ಇಣುಕಿ ಬೂದಾಗಿ ಕಾಣುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಫ್ಲೋರೋಸಿಸ್ (ನೀರಿನಲ್ಲಿನ ಹೆಚ್ಚು ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಮೂಡುವ ಮಚ್ಚೆ) ಇರುವವರು ಬಂದರೆ ಒಂದೇ ಶೇಡ್ ಹುಡುಕುವುದು ವ್ಯರ್ಥ. ಹಲ್ಲಿನ ಚಿತ್ರ ಬರೆದು, ಬುಡ, ನಡು, ತುದಿಗಳ ಶೇಡ್‌ಗಳನ್ನೂ ಬಿಳಿ, ಕಂದು ಮಚ್ಚೆಗಳ ಜಾಗವನ್ನೂ ಗುರುತಿಸಿ. ಲ್ಯಾಬ್‌ನಲ್ಲಿ ಮಾಡಿಸುವ ಹಲ್ಲಿನ ಕವಚ (ಕ್ರೌನ್) ಆದರೆ ಟ್ಯಾಬ್ ಅನ್ನು ಹಲ್ಲಿನ ತುದಿಗೆ ತುದಿ ತಾಗಿಸಿ, ಅದರ ಸಂಖ್ಯೆ ಕಾಣುವಂತೆ ತೆಗೆದ ಫೋಟೋವನ್ನು ಚೀಟಿಯೊಂದಿಗೆ ಲ್ಯಾಬ್‌ಗೆ ಕಳುಹಿಸಿ.