30 ಜಿಲ್ಲೆಗಳ ಅಂಕಿಗಳನ್ನು ಒಂದೇ ಪುಟಕ್ಕೆ ತಂದಿದ್ದು ಹೀಗೆ

ಇನ್ಫೋಗ್ರಾಫಿಕ್ (ಅಂಕಿಗಳನ್ನು ಚಿತ್ರವಾಗಿ ತೋರಿಸೋದು) ಕಲಿಯೋಕೆ 2011ರ ಜನಗಣತಿಯ ಸಾಕ್ಷರತೆ ಪಟ್ಟಿ ತಗೊಂಡಿದ್ದೆ. ಆಗ ಕರ್ನಾಟಕದಲ್ಲಿ 30 ಜಿಲ್ಲೆ. ಅಭ್ಯಾಸಕ್ಕೆ ಸಿಕ್ಕ ಟೆಂಪ್ಲೇಟ್‌ನಲ್ಲಿ ಪೈ ಚಾರ್ಟ್ ಇತ್ತು, ಅದಕ್ಕೆ ಅಂಕಿ ತುಂಬಿದರೆ 30 ಬಣ್ಣದ ಚೂರುಗಳು, ಯಾವುದು ಯಾವ ಜಿಲ್ಲೆ ಅಂತ ಹುಡುಕೋದೇ ಕೆಲಸ. ಅಷ್ಟಕ್ಕೂ ಪೈ ಇರೋದು ಒಂದು ಪೂರ್ತಿಯ ಪಾಲು ತೋರಿಸೋಕೆ. ದಕ್ಷಿಣ ಕನ್ನಡದ 88.57 ಮತ್ತು ಯಾದಗಿರಿಯ 51.83 ಸೇರಿಸಿದರೇ 100 ದಾಟುತ್ತೆ, ಅಲ್ವಾ?

ಪೈ ಕಿತ್ತು, ಜಿಲ್ಲೆಗೊಂದರಂತೆ ಅಡ್ಡ ಪಟ್ಟಿಗಳನ್ನು (ಬಾರ್) ಹಾಕಿದೆ. ಜಿಲ್ಲೆ ಹೆಸರು ಕನ್ನಡದಲ್ಲಿ ಉದ್ದ ಬರುವುದರಿಂದ ಅಡ್ಡ ಪಟ್ಟಿಯೇ ಸರಿ, ನಿಂತ ಪಟ್ಟಿಯಾದರೆ ಕತ್ತು ಓರೆ ಮಾಡಿ ಓದಬೇಕು.

ನಿಜವಾಗಿ ಕೆಲಸ ಮಾಡಿದ್ದು ವಿಂಗಡಣೆ. ಜನಗಣತಿಯ ಪಟ್ಟಿ ಬೆಳಗಾವಿಯಿಂದ ಶುರುವಾಗುತ್ತದೆ. ಅದನ್ನು ಬಿಟ್ಟು ಶೇಕಡಾವಾರು ಜಾಸ್ತಿಯಿಂದ ಕಡಿಮೆಗೆ ಇಳಿಸಿ, ರಾಜ್ಯದ ಸರಾಸರಿ 75.36ಕ್ಕೆ ಒಂದು ಗೆರೆ ಎಳೆದೆ. ಎಲ್ಲಾ ಪಟ್ಟಿಗೂ ಬೂದು ಬಣ್ಣ, ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಗೆ ಮಾತ್ರ ಕೆಂಪು. ಆರೂ ಗೆರೆಗಿಂತ ಕೆಳಗೇ ಇವೆ, ಅದು ಗೊತ್ತಿದ್ದ ಕಥೆ. ಆದರೆ ಅವುಗಳ ನಡುವೆ ಕೆಳಗಿನಿಂದ ಮೂರನೆಯದಾಗಿ ಒಂದು ಬೂದು ಪಟ್ಟಿ ಕೂತಿತ್ತು: ಚಾಮರಾಜನಗರ, 61.43. ಮೈಸೂರಿನ ಪಕ್ಕದ ಜಿಲ್ಲೆ! ಪೈನಲ್ಲಿ ಇದು ಕಾಣುತ್ತಲೇ ಇರಲಿಲ್ಲ.

ಜನಸಂಖ್ಯೆಗೆ ವೃತ್ತ ಬಳಸುವವರು ಒಂದು ಗಮನಿಸಿ. ಬೆಂಗಳೂರು ನಗರ ಜಿಲ್ಲೆ ಸುಮಾರು 96 ಲಕ್ಷ, ಕೊಡಗು 5.5 ಲಕ್ಷ, ಅಂದರೆ 17 ಪಟ್ಟು. ವ್ಯಾಸವನ್ನೇ 17 ಪಟ್ಟು ಮಾಡಿದರೆ ವೃತ್ತದ ವಿಸ್ತೀರ್ಣ 17×17, ಕಣ್ಣಿಗೆ ಸುಮಾರು 300 ಪಟ್ಟು ಕಾಣುತ್ತೆ. ವರ್ಗಮೂಲ ತೆಗೆದು ವ್ಯಾಸ 4 ಪಟ್ಟು ಇಟ್ಟರೆ ಸಾಕು.