ಗಿಲ್ಡ್‌ಹಾಲ್ ಅಂಗಳದ ಕಪ್ಪು ಗೆರೆ

ಲಂಡನ್ನಿನ ರೋಮನ್ ಅಖಾಡ, ಅಂದರೆ ರೋಮನ್ನರು ಕಾಳಗದ ಆಟ ನಡೆಸುತ್ತಿದ್ದ ಬಯಲು ರಂಗ, ನೋಡಲು ಹೋಗುವವರು ಸೀದಾ ಗಿಲ್ಡ್‌ಹಾಲ್ ಆರ್ಟ್ ಗ್ಯಾಲರಿಯ ನೆಲಮಾಳಿಗೆಗೆ ಇಳಿಯಬೇಡಿ, ಮೊದಲು ಮೇಲಿನ ಅಂಗಳದಲ್ಲಿ ಒಂದು ಸುತ್ತು ಹಾಕಿ. ನಾನು ಬ್ಯಾಂಕ್ ಅನ್ನುವ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು, ನಗರಾಡಳಿತದ ಹಳೆಯ ಸಭಾಭವನವಾದ ಗಿಲ್ಡ್‌ಹಾಲ್‌ವರೆಗೆ ನಡೆದುಹೋದೆ. ಅಲ್ಲಿನ ಕಲ್ಲುಹಾಸಿನಲ್ಲಿ ಕಪ್ಪು ಕಲ್ಲಿನ ಪಟ್ಟಿಯೊಂದು ಬಾಗಿಕೊಂಡು ಹೋಗಿದೆ. ಅಡಿಯಲ್ಲಿ ಹುದುಗಿರುವ ಅಖಾಡದ ಗುರುತು ಅದು, ಅಗಲ ಸುಮಾರು 80 ಮೀಟರ್. ಆಫೀಸಿನವರು ಅದನ್ನು ತುಳಿದುಕೊಂಡೇ ಓಡಾಡುತ್ತಿದ್ದರು. ಗೆರೆಯ ಮೇಲೆ ನಿಧಾನವಾಗಿ ಹೆಜ್ಜೆ ಹಾಕಿದೆ. ಏಳು ಸಾವಿರದಷ್ಟು ಜನ ಇಲ್ಲಿ ಕೂರುತ್ತಿದ್ದರು ಅನ್ನುವುದು ಆಗ ನಂಬಿಕೆಗೆ ಬಂತು.

ಕ್ರಿ.ಶ. 70ರ ಸುಮಾರಿಗೆ ಮರದಲ್ಲಿ ಕಟ್ಟಿದ್ದನ್ನು ಎರಡನೇ ಶತಮಾನದ ಆರಂಭದಲ್ಲಿ ಕಲ್ಲಿನ ಗೋಡೆ ಹಾಕಿ ಬಲಪಡಿಸಿದರು. ನಾಲ್ಕನೇ ಶತಮಾನದಲ್ಲಿ ಪಾಳುಬಿತ್ತು, ಕಲ್ಲುಗಳನ್ನು ಜನ ಬೇರೆ ಕಟ್ಟಡಗಳಿಗೆ ಹೊತ್ತೊಯ್ದರು. 1988ರಲ್ಲಿ, ಹೊಸ ಆರ್ಟ್ ಗ್ಯಾಲರಿ ಕಟ್ಟುವ ಮುಂಚಿನ ಉತ್ಖನನದಲ್ಲಿ ಮತ್ತೆ ಸಿಕ್ಕಿತು. ಅವಶೇಷವನ್ನು ಇದ್ದಲ್ಲೇ ಉಳಿಸಿ ಅದರ ಮೇಲೇ ಗ್ಯಾಲರಿ ಎಬ್ಬಿಸಿದ್ದಾರೆ. ಎಂಥ ಒಳ್ಳೆಯ ಕೆಲಸ!

ಪ್ರವೇಶ ಉಚಿತ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಮುಗಿಸಿ ಮೆಟ್ಟಿಲಿಳಿದರೆ ಮಬ್ಬುಗತ್ತಲ ಹಜಾರ. ಉಳಿದಿರುವುದು ಪೂರ್ವದ ಹೆಬ್ಬಾಗಿಲಿನ ಭಾಗ ಮಾತ್ರ: ಗಿಡ್ಡ ಗೋಡೆಗಳು, ದಾರಿಯ ಎರಡೂ ಬದಿಗೆ ಒಂದೊಂದು ಚಿಕ್ಕ ಕೋಣೆ. ಕಾಳಗಕ್ಕೆ ತಂದ ಪ್ರಾಣಿಗಳನ್ನೋ, ಸರದಿಗೆ ಕಾಯುವ ಗ್ಲಾಡಿಯೇಟರ್‌ಗಳನ್ನೋ (ಅಖಾಡದಲ್ಲಿ ಕಾದಾಡುವವರು) ಇಲ್ಲಿ ಇರಿಸುತ್ತಿದ್ದಿರಬಹುದು. ಎದುರಿನ ಕತ್ತಲಲ್ಲಿ ಹಸಿರು ಬೆಳಕಿನ ರೇಖೆಗಳಲ್ಲಿ ಆಟಗಾರರನ್ನೂ ಪ್ರೇಕ್ಷಕರನ್ನೂ ಮೂಡಿಸಿದ್ದಾರೆ. ಹೆಚ್ಚಿನವರು ಅದರ ಫೋಟೋ ತೆಗೆದುಕೊಂಡು ಹೊರಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚರಂಡಿ. ಮೊಣಕಾಲೂರಿ ಬಗ್ಗಿ ನೋಡಿದೆ. ಮರದ ಹಲಗೆಗಳು, ಕಪ್ಪಾಗಿವೆ, ಆದರೆ ಅಂಚು ಇನ್ನೂ ನೆಟ್ಟಗಿದೆ. ಮಳೆನೀರು ನಿಂತರೆ ಅಖಾಡವೆಲ್ಲ ಕೆಸರಾಗುತ್ತದೆ, ಅದಕ್ಕೇ ಈ ಏರ್ಪಾಡು. ಹೂಳು ನಿಲ್ಲಲೆಂದು ನಡುವೆ ಮರದ ತೊಟ್ಟಿಯನ್ನೂ ಇಟ್ಟಿದ್ದಾರೆ. ನೆಲ ಸದಾ ಒದ್ದೆ, ಗಾಳಿಯಾಡದ್ದರಿಂದ ಮರ ಕೊಳೆಯಲಿಲ್ಲ. ಹೆಸರಿಲ್ಲದ ಆ ಬಡಗಿಯ ಕೈಕೆಲಸ ಹತ್ತೊಂಬತ್ತು ಶತಮಾನ ದಾಟಿ ಬಂದಿದೆ. ಅದರ ಮುಂದೆ ಕತ್ತಿಕಾಳಗದ ಕಥೆಗಳು ನನಗೆ ಚಿಕ್ಕದಾಗಿ ಕಂಡವು.

ಸಮಯವಿದ್ದರೆ ಅಲ್ಲಿಂದ ನೋಬಲ್ ಸ್ಟ್ರೀಟ್‌ಗೆ ನಡೆದುಹೋಗಿ, ರೋಮನ್ ಕೋಟೆಯ ಗೋಡೆಯ ಬುಡ ರಸ್ತೆಬದಿಯಲ್ಲೇ ಕಾಣುತ್ತದೆ. ವಾಲ್‌ಬ್ರೂಕ್ ಬೀದಿಯಲ್ಲಿರುವ, ರೋಮನ್ನರು ಪೂಜಿಸುತ್ತಿದ್ದ ಮಿತ್ರಾ ದೇವರ ದೇಗುಲವೂ ಹತ್ತಿರವೇ, ಅದೂ ಉಚಿತ. ಆದರೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿಕೊಂಡು ಹೋಗುವುದು ಒಳ್ಳೆಯದು.