ಪರಸಿ ಎಲ್ಲಿ, ಕಾಂಕ್ರೀಟ್ ಎಲ್ಲಿ: ನಮ್ಮ ಕೊಟ್ಟಿಗೆಯ ನೆಲ ಮತ್ತು ಗಂಜಲದ ದಾರಿ

ನಮ್ಮದು ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲ್ಲೂಕು. ಕಾಗಿಣಾ ನದಿಯಿಂದ ಸ್ವಲ್ಪ ಈಚೆ. ಪರಸಿಗೆ, ಅಂದರೆ ನೆಲಕ್ಕೆ ಹಾಸುವ ಶಹಾಬಾದ್ ಸುಣ್ಣದ ಕಲ್ಲಿಗೆ, ಇಲ್ಲಿ ಬರ ಇಲ್ಲ. ಮನೆಯ ನೆಲ, ಜಗಲಿ ಕಟ್ಟೆ, ನೀರಿನ ತೊಟ್ಟಿಯ ಮುಚ್ಚಳ, ಎಲ್ಲದಕ್ಕೂ ಪರಸಿಯೇ. ಹೀಗಿರುವಾಗ ಆಕಳು ನಿಲ್ಲುವ ಜಾಗಕ್ಕೆ ಕಾಂಕ್ರೀಟ್ ಹಾಕಿಸುತ್ತೇನೆ ಅಂದಾಗ ಮನೆಯವರೇ ನಕ್ಕರು. "ಕಲ್ಲಿನ ಊರಾಗ ಕಲ್ಲು ಬಿಟ್ಟು ಸಿಮೆಂಟ್ ಯಾಕಪಾ?" ಅಂತ ಕಾಕಾ ಕೇಳಿದರು. ಪರಸಿಯೇ ಬೇಡ ಅಂತ ನಾನು ಹೇಳಿರಲಿಲ್ಲ. ಕೊಟ್ಟಿಗೆಯಲ್ಲಿ ಅದಕ್ಕೂ ಒಂದು ಜಾಗ ಇದೆ, ಆ ಜಾಗ ಆಕಳ ಕಾಲಡಿ ಅಲ್ಲ ಅನ್ನೋದಷ್ಟೇ ನನ್ನ ವಾದ.

ನಮ್ಮಲ್ಲಿರುವುದು ಎಂಟು ಆಕಳು. ಹೆಚ್ಚಿನವು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಒಂದು ದೇವಣಿ ಅನ್ನೋ ನಾಟಿ ತಳಿ. ಮಿಶ್ರತಳಿ ಆಕಳು ದಿನಕ್ಕೆ ಸುಮಾರು 15ರಿಂದ 20 ಕೆಜಿ ಸಗಣಿ, 10 ಲೀಟರ್ ಆಸುಪಾಸು ಗಂಜಲ ಹಾಕುತ್ತದೆ. ಅಂದರೆ ತೊಳೆಯುವ ನೀರು ಬಿಟ್ಟು ಬರೀ ಗಂಜಲವೇ ದಿನಕ್ಕೆ 80 ಲೀಟರ್. ಇದು ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ನೆಲದ ಮಾತು ಆಡಿ ಉಪಯೋಗ ಇಲ್ಲ. ಹಾಗಾಗಿ ಮೊದಲು ಗುರುತು ಹಾಕಿದ್ದು ಗಂಜಲ, ತೊಳೆದ ನೀರು ಸೇರುವ ತೊಟ್ಟಿಗೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಚರಂಡಿ, ಆಮೇಲೆ ನೆಲದ ಎತ್ತರ ತೆಗೆದೆ.

ತೊಟ್ಟಿಯ ಜಾಗ ಹುಡುಕುವಾಗ ಬೋರ್‌ವೆಲ್ ಯೋಚನೆ ಮುಖ್ಯ. ನಮ್ಮ ಭಾಗದಲ್ಲಿ ಮಣ್ಣಿನ ಕೆಳಗೆ ಇರೋದು ಅದೇ ಸುಣ್ಣದ ಕಲ್ಲಿನ ಪದರ. ಅದರ ಸಂದುಗಳಲ್ಲಿ ನೀರು ಸೋಸದೆ ಸೀದಾ ದೂರ ಹರಿಯುತ್ತದೆ. ಮಣ್ಣಿನ ಗುಂಡಿ ತೋಡಿ ಗಂಜಲ ಬಿಟ್ಟರೆ ಇವತ್ತಲ್ಲ ನಾಳೆ ಅದು ಕುಡಿಯುವ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಹಸುಗೂಸುಗಳಿಗೆ ಅಪಾಯ, ಕಾಯಿಸಿದರೂ ಅದು ಹೋಗಲ್ಲ. ಅದಕ್ಕೇ ತೊಟ್ಟಿಯನ್ನು ಬೋರ್‌ವೆಲ್‌ಗಿಂತ ತಗ್ಗಿನಲ್ಲಿ, ನೂರು ಅಡಿಗೂ ದೂರದಲ್ಲಿ ಕಟ್ಟಿಸಿದೆ. ತಳಕ್ಕೆ ಕಾಂಕ್ರೀಟ್, ಒಳಗೋಡೆಗೆ ಸಿಮೆಂಟ್ ಗಿಲಾವ್.

ಇನ್ನು ಎರೆ ಮಣ್ಣು, ಅಂದರೆ ನಮ್ಮ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. "ಎರಿ ಮ್ಯಾಲ ಏನ್ ಹಾಕಿದ್ರೂ ಅದು ಎದ್ದು ಕುಣಿತದರೀ" ಅಂದ ನಮ್ಮ ಗೌಂಡಿ. ಅವನ ಮಾತು ಕೇಳಿ ಎರಡು ಅಡಿ ಮಣ್ಣು ತೆಗೆಸಿ ಗರಸು (ಕಲ್ಲುಪುಡಿ ಬೆರೆತ ಗಟ್ಟಿ ಮಣ್ಣು) ತುಂಬಿಸಿದೆವು. ಒಂದೇ ಸಲ ಸುರಿಯಲಿಲ್ಲ. ಅರ್ಧ ಅಡಿ ಹಾಕೋದು, ನೀರು ಬಿಡೋದು, ದಿಮ್ಮಸು ಹೊಡೆಯೋದು, ಮತ್ತೆ ಅರ್ಧ ಅಡಿ. ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿ ಮೇಲೆ ಬರುವ ತನಕ ಇದೇ ಕೆಲಸ. ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಯಿತು, ಮೇಲೆ ನೋಡಿದರೆ ಏನೂ ಕಾಣಲ್ಲ.

ಆಕಳು ನಿಲ್ಲುವಲ್ಲಿ ಪರಸಿ ಯಾಕೆ ಬೇಡ ಅಂದೆ ಅಂದರೆ, ಒಂದು, ಜಾರುತ್ತದೆ. ಗಣಿಯಿಂದ ಬಂದ ಹೊಸತರಲ್ಲಿ ಮುಖ ಒರಟಾಗಿದ್ದರೂ ಗೊರಸು ತಿಕ್ಕಿ ತಿಕ್ಕಿ ನುಣ್ಣಗಾಗುತ್ತದೆ. ಮೇಲೆ ಗಂಜಲ ಬಿದ್ದರೆ ಕೇಳಲೇಬೇಡಿ. ಗಬ್ಬದ ಆಕಳು ಹಿಂಗಾಲು ಚೆಲ್ಲಿ ಬಿದ್ದರೆ ಮತ್ತೆ ಏಳಿಸೋದು ಕಷ್ಟ. ಎರಡನೆಯದು ಸಂದು. ನಾಲ್ಕೈದು ಕ್ವಿಂಟಾಲ್ ತೂಕ ದಿನಾ ಏಳೋದು, ಕೂರೋದು ಮಾಡಿದರೆ ಸಂದಿನ ಸಿಮೆಂಟ್ ಉದುರುತ್ತದೆ. ಗಂಜಲ ಕೆಳಗೆ ಇಳಿಯುತ್ತದೆ, ಕಲ್ಲು ಅಲ್ಲಾಡಲು ಶುರುವಾಗುತ್ತದೆ. ಆಮೇಲೆ ಎಷ್ಟು ತೊಳೆದರೂ ವಾಸನೆ ಹೋಗಲ್ಲ, ಯಾಕೆಂದರೆ ಅದು ಇರೋದು ಕಲ್ಲಿನ ಕೆಳಗೆ. ಈಗಾಗಲೇ ಪರಸಿ ಹಾಕಿಸಿದವರು ಕೀಳಬೇಕಾಗಿಲ್ಲ. ಉಳಿಯಿಂದ ಕಚ್ಚು ಹೊಡೆಸಿ, ಸಂದು ಬಿಡಿಸಿ ಮತ್ತೆ ತುಂಬಿಸಿದರೆ ಕೆಲವು ವರ್ಷ ನಡೆಯುತ್ತದೆ.

ಕಾಂಕ್ರೀಟ್ ಹಾಕಿದ್ದು ದೀಪಾವಳಿ ಆದಮೇಲೆ. ನಮ್ಮ ಮೇ ತಿಂಗಳ ಬಿಸಿಲಿಗೆ ಹಾಕಿದರೆ ಗಟ್ಟಿಯಾಗುವ ಮೊದಲೇ ನೀರು ಆರಿ ಬಿರುಕು ಬಿಡುತ್ತದೆ. ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ, ನಾಲ್ಕು ಇಂಚು ದಪ್ಪ. ಹಸಿ ಇರುವಾಗಲೇ ಅರ್ಧ ಇಂಚಿನ ಸರಳು ಒತ್ತಿ, ಶಂಕರಪಾಳಿ ಕೊಯ್ದ ಹಾಗೆ ಓರೆ ಗೀರು ಎಳೆಸಿದೆ. ಗೀರಿನಿಂದ ಗೀರಿಗೆ ನಾಲ್ಕು ಇಂಚು. ಗೊರಸಿಗೆ ಹಿಡಿತವೂ ಸಿಗುತ್ತದೆ, ಓರೆ ಇರೋದರಿಂದ ಎಲ್ಲ ಗೀರಿನ ನೀರೂ ಚರಂಡಿ ಕಡೆಗೇ ಹೋಗುತ್ತದೆ. ಸುಮ್ನೆ ಕಸಬರಿಗೆ ಎಳೆದು ಬಿಟ್ಟರೆ ಆ ಒರಟು ಬೇಗ ಸವೆಯುತ್ತದೆ. ಸುತ್ತ ಮಣ್ಣಿನ ಕಟ್ಟೆ ಹಾಕಿ ಎರಡು ವಾರ ನೀರು ನಿಲ್ಲಿಸಿದೆವು. ಆಮೇಲೆ ಭಾರದ ಸಿಮೆಂಟ್ ಇಟ್ಟಿಗೆ ಎಳೆದಾಡಿ ಚೂಪು ಅಂಚು ಮುರಿದು, ಚೆನ್ನಾಗಿ ತೊಳೆದು, ನಂತರವೇ ಆಕಳು ಕಟ್ಟಿದ್ದು. ಹೊಸ ಸಿಮೆಂಟ್ ಗೊರಸನ್ನು ತಿನ್ನುತ್ತದೆ.

ಇಳಿಜಾರಿನ ಬಗ್ಗೆ ಜನ ಎರಡೂ ಕಡೆ ಅತಿ ಮಾಡುತ್ತಾರೆ. ಸಪಾಟಾದರೆ ಗಂಜಲ ನಿಲ್ಲುತ್ತದೆ. ಜಾಸ್ತಿ ಆದರೆ ತೂಕವೆಲ್ಲ ಹಿಂಗಾಲಿಗೆ ಬೀಳುತ್ತದೆ, ತುಂಬು ಗಬ್ಬದಲ್ಲಿ ಮೈ (ಯೋನಿಯ ಭಾಗ) ಹೊರಬೀಳುವ ಭಯವೂ ಇದೆ. ನಿಲ್ಲುವ ಜಾಗ ಐದೂವರೆ ಅಡಿ, ಅದಕ್ಕೆ ಒಂದೂಕಾಲು ಇಂಚು ಇಳಿತ ಕೊಟ್ಟೆ. ಹಿಂದಿನ ಚರಂಡಿ ಒಂದು ಅಡಿ ಅಗಲ, ಸಲಿಕೆ ಆಡಲು ಅಷ್ಟು ಬೇಕು. ಎಂಟು ಆಕಳಿಗೆ ತಲಾ ನಾಲ್ಕು ಅಡಿಯಂತೆ 32 ಅಡಿ ಉದ್ದ, ನಾಲ್ಕು ಇಂಚು ಇಳಿತ. ಶುರುವಿನಲ್ಲಿ ಎರಡು ಇಂಚು ಆಳ, ಕೊನೆಯಲ್ಲಿ ಆರು. ಮಟ್ಟವನ್ನು ನೀರಿನ ಪೈಪ್ ಹಿಡಿದೇ ನೋಡಿದೆವು. ಕಣ್ಣಂದಾಜು ಇಲ್ಲಿ ನಡೆಯಲ್ಲ.

ಪರಸಿಗೆ ಜಾಗ ಸಿಕ್ಕಿದ್ದು ಈ ಚರಂಡಿಯ ತಳದಲ್ಲಿ ಮತ್ತು ಆಕಳು ಮೇವು ತಿನ್ನುವ ಗ್ವಾದಲಿಯಲ್ಲಿ. ನಿಲ್ಲುವ ಜಾಗದಲ್ಲಿ ಬೇಡವಾದ ಆ ನುಣುಪು ಇಲ್ಲಿ ಬೇಕು. ಚರಂಡಿಯಲ್ಲಿ ಸಗಣಿ ಅಂಟಲ್ಲ, ಗ್ವಾದಲಿ ಒಂದು ಬಟ್ಟೆಯಲ್ಲಿ ಒರೆಸಿದರೆ ಸ್ವಚ್ಛ. ಆದರೆ ಆಸಿಡ್ ಮುಟ್ಟಿಸಬಾರದು. ಸುಣ್ಣದ ಕಲ್ಲು ನೊರೆ ಬಂದು ಕರಗುತ್ತದೆ. ರಸಮೇವಿನ (ಗಾಳಿಯಾಡದಂತೆ ಹುಳಿ ಬರಿಸಿದ ಹಸಿ ಮೇವು) ಹುಳಿ ನೀರೂ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ, ಹಾಗಾಗಿ ರಸಮೇವು ಹಾಕಿದ ದಿನ ಗ್ವಾದಲಿ ತೊಳೆಯೋದು ತಪ್ಪಿಸಲ್ಲ.

ತೊಟ್ಟಿ ಐದು ಅಡಿ ಉದ್ದ, ಐದು ಅಡಿ ಅಗಲ, ನಾಲ್ಕು ಅಡಿ ಆಳ. ಸುಮಾರು 2,800 ಲೀಟರ್. ಪೈಪ್ ಹಿಡಿದು ಸಗಣಿ ತಳ್ಳುತ್ತಾ ಹೋದರೆ ಇದು ಮೂರ್ನಾಲ್ಕು ದಿನಕ್ಕೇ ತುಂಬುತ್ತದೆ. ನಾವು ಮೊದಲು ಸಲಿಕೆಯಲ್ಲಿ ಸಗಣಿ ಎತ್ತಿ, ಉಳಿದಿದ್ದನ್ನು ಕಸಬರಿಗೆಯಲ್ಲಿ ಎಳೆದು, ಕೊನೆಗೆ ಬಕೆಟ್ ನೀರು ಹಾಕುತ್ತೇವೆ. ದಿನಕ್ಕೆ 150 ಲೀಟರ್ ಸಾಕಾಗುತ್ತದೆ. ಗಂಜಲವೂ ಸೇರಿ 230, ಹಾಗಾಗಿ ಹನ್ನೆರಡು ದಿನ ಬರುತ್ತದೆ. ಬೇಸಿಗೆಯಲ್ಲಿ ನೀರಿಗೇ ಪರದಾಡುವ ನಮ್ಮಂಥವರಿಗೆ ಬೇರೆ ದಾರಿಯೂ ಇಲ್ಲ ಬಿಡಿ.

ಮಳೆ ನೀರು ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. 600 ಚದರಡಿ ತಗಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 1,400 ಲೀಟರ್, ಅರ್ಧ ತೊಟ್ಟಿ! ಅದಕ್ಕೇ ತಗಡಿನ ಅಂಚಿಗೆ ನೀರು ಹಿಡಿಯುವ ದೋಣಿ ಹಾಕಿ ಆ ನೀರನ್ನು ಬೇರೆ ಕಡೆ ತಿರುಗಿಸಿದ್ದೇನೆ.

ಚರಂಡಿ ಮುಗಿಯುವಲ್ಲಿ ಚಿಕ್ಕ ಚೇಂಬರ್ ಇದೆ, ಕಸ ಹಿಡಿಯಲು ಜಾಲರಿ, ಎರಡು ಬಾಯಿ. ಒಂದು ತೊಟ್ಟಿಗೆ, ಇನ್ನೊಂದು ಹೊರಗಿನ ಬೇರೆ ಗುಂಡಿಗೆ. ಗೋಬರ್ ಗ್ಯಾಸಿಗೆ ಸಗಣಿ ಕಲಸಲು ಹೊಸ ನೀರಿನ ಬದಲು ಸ್ವಲ್ಪ ಈ ತೊಟ್ಟಿಯ ನೀರನ್ನೇ ಬಳಸುತ್ತೇವೆ. ಫಿನಾಯಿಲ್ ಇಲ್ಲವೇ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ದಿನ ತೊಟ್ಟಿಯ ಬಾಯಿ ಮುಚ್ಚಲೇಬೇಕು. ಆ ನೀರು ಗ್ಯಾಸಿನ ಗುಂಡಿಗೆ ಹೋದರೆ ಒಳಗಿನ ಸೂಕ್ಷ್ಮಜೀವಿಗಳು ಸಾಯುತ್ತವೆ, ಒಲೆ ಉರಿಯಲ್ಲ.

ವಾಸನೆಗೆ ಚರಂಡಿಗೆ ಸುಣ್ಣ ಎರಚುವ ಪದ್ಧತಿ ನಮ್ಮಲ್ಲಿ ಇದೆ. ನಾನು ಮಾಡಲ್ಲ. ಗಂಜಲ ಸಗಣಿ ಜೊತೆ ಸೇರಿ ಕೂತಾಗ ಅದರ ಯೂರಿಯಾ ಅಮೋನಿಯಾ ಆಗುತ್ತದೆ. ಸುಣ್ಣ ಬಿದ್ದರೆ ಆ ಅಮೋನಿಯಾ ಇನ್ನೂ ಬೇಗ ಹಾರುತ್ತದೆ. ಕಣ್ಣುರಿಯೂ ಹೆಚ್ಚು, ಗೊಬ್ಬರದ ಸಾರವೂ ಹೋಯಿತು. ಸುಣ್ಣ ಗೋಡೆಗೆ ಇರಲಿ. ಗಂಜಲವನ್ನು ಸಗಣಿಯಿಂದ ಬೇಗ ಬೇರೆ ಮಾಡಿದರೆ ವಾಸನೆ ತಾನಾಗಿ ಕಡಿಮೆ ಆಗುತ್ತದೆ.

ತೊಟ್ಟಿಯ ನೀರು ಹೋಗುವುದು ನೇಪಿಯರ್ ಹುಲ್ಲಿಗೆ, ಮೂರು ನಾಲ್ಕು ಪಾಲು ನೀರು ಬೆರೆಸಿ. ಒಂದೇ ಸಾಲಿಗೆ ಮತ್ತೆ ಮತ್ತೆ ಬಿಟ್ಟರೆ ಎರೆ ಮಣ್ಣಿನಲ್ಲಿ ಉಪ್ಪು ಕೂರುತ್ತದೆ, ಸಾಲು ಬದಲಿಸಬೇಕು. ಮೇವಿನ ಜೋಳಕ್ಕೆ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಬೆಳೆಗೆ, ಬಿಡಲ್ಲ. ಅದು ನೈಟ್ರೇಟ್ ಎಳೆದು ದಂಟಿನಲ್ಲಿ ಇಟ್ಟುಕೊಳ್ಳುತ್ತದೆ, ತಿಂದ ದನಕ್ಕೆ ವಿಷ. ಸಗಣಿಯಲ್ಲಿ ಗ್ಯಾಸಿಗೆ ಮಿಕ್ಕಿದ್ದು ಗ್ವಾದಲಿಯಲ್ಲಿ ಉಳಿದ ಕಣಿಕೆ (ಜೋಳದ ಒಣ ದಂಟು) ಜೊತೆ ತಿಪ್ಪೆಗೆ.

ತೊಟ್ಟಿಯ ಮುಚ್ಚಳವೂ ಪರಸಿಯೇ. ಮಕ್ಕಳು ಎತ್ತಲಾಗದಷ್ಟು ಭಾರದ್ದು. ತಳದ ಕೆಸರು ಕಲಕಿದಾಗ ವಿಷಗಾಳಿ ಏಳುತ್ತದೆ, ಹಾಗಾಗಿ ಯಾರನ್ನೂ ಒಳಗೆ ಇಳಿಸಲ್ಲ. ಉದ್ದ ಹಿಡಿಯ ಬಕೆಟ್‌ನಿಂದ ಮೇಲಿನಿಂದಲೇ ಎತ್ತುತ್ತೇವೆ.

ರಬ್ಬರ್ ಮ್ಯಾಟ್ ಎಲ್ಲದಕ್ಕೂ ಹಾಕಿಲ್ಲ. ಕರು ಹಾಕುವ ಸಮಯದ ಆಕಳಿಗೆ, ಮಂಡಿ ಊದಿದ್ದಕ್ಕೆ ಮಾತ್ರ. ಅಡಿಯಲ್ಲಿ ಗಂಜಲ ಸೇರುತ್ತದೆ, ವಾರಕ್ಕೊಮ್ಮೆ ಎತ್ತಿ ತೊಳೆಯದಿದ್ದರೆ ಹುಳ ಆಗುತ್ತವೆ. ಹಗಲು ಹೊತ್ತು ಎಲ್ಲವನ್ನೂ ಬೇವಿನ ಮರದಡಿ ಗರಸಿನ ಅಂಗಳಕ್ಕೆ ಬಿಡುತ್ತೇವೆ. ಅಲ್ಲಿ ಸಿಮೆಂಟೂ ಇಲ್ಲ, ಪರಸಿಯೂ ಇಲ್ಲ. ಮಳೆಗಾಲಕ್ಕೆ ಮುಂಚೆ ತಗ್ಗು ಬಿದ್ದಲ್ಲಿ ಒಂದೆರಡು ಟ್ರ್ಯಾಕ್ಟರ್ ಗರಸು ಹಾಕಿಸಿದರೆ ಆಯಿತು. ಕೊಟ್ಟಿಗೆಯ ಅಂಚಿನಲ್ಲಿ ಬೇಸಿಗೆಗೆ ಎರೆ ಬಿರಿದ ಸಂದುಗಳಿಗೂ ಅದನ್ನೇ ತುಂಬಿಸುತ್ತೇನೆ.